ಬೀಳುವ ಮೊದಲಿನ ಹತ್ತು ನಿಮಿಷ

ರಜೆ ಮುಗಿಯಿತು, ಪತ್ರಗಳು ಬಂದವು. ಈ ಸಲ ಅರ್ಧಕ್ಕಿಂತ ಜಾಸ್ತಿ ಪತ್ರ ಥೀಮ್ ಪಾರ್ಕುಗಳ ಬಗ್ಗೆ, ಅದರಲ್ಲೂ ದೋಣಿಯಲ್ಲಿ ಕೂರಿಸಿ ಕತೆ ತೋರಿಸಿ ಕೊನೆಗೆ ಮೇಲಿನಿಂದ ನೀರಿಗೆ ಬೀಳಿಸುವ ರೈಡುಗಳ ಬಗ್ಗೆ. ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋಗಿಬಂದವರು ಬರೆದಿದ್ದಾರೆ. ಅಲ್ಲೇ ನೆಲೆಸಿದವರೂ ಬರೆದಿದ್ದಾರೆ. ನನಗೆ ಈ ವಿಷಯ ಅಂದ್ರೆ ಪ್ರಾಣ. ಹಾಗಾಗಿ ಇಡೀ ಅಂಕಣ ಇದಕ್ಕೇ ಕೊಟ್ಟುಬಿಟ್ಟಿದ್ದೇನೆ.

ಪ್ರಶ್ನೆ: ನಾನು ಜೋಗದ ಹತ್ತಿರದವನು, ಅರವತ್ತೆಂಟು ಮಳೆಗಾಲ ಕಂಡವನು. ಫ್ಲಾರಿಡಾದಲ್ಲಿರುವ ಮಗ ನನ್ನನ್ನೂ ಮೊಮ್ಮಗನನ್ನೂ ಯೂನಿವರ್ಸಲ್ ಪಾರ್ಕಿನ ಡೈನೋಸಾರ್ ದೋಣಿಯಲ್ಲಿ ಕೂರಿಸಿದ. ಕೊನೆಗೆ ಮೇಲಿನಿಂದ ಬೀಳಿಸುತ್ತಾರೆ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿದುಹೋಯಿತು. ಆದರೂ ಮೊಮ್ಮಗ ಇವತ್ತಿಗೂ ಅದನ್ನೇ ಹೇಳುತ್ತಾನೆ. ನಿಜ ಹೇಳಬೇಕೆಂದರೆ ನನಗೂ ಮರೆತಿಲ್ಲ. ಅದರಲ್ಲಿ ಅಂಥದ್ದೇನಿದೆ ಮೇಡಂ?
— ಓದುಗರು, ಸಾಗರ

ಉತ್ತರ: ಯಜಮಾನರೇ, ನಿಮ್ಮ ಜೋಗ 830 ಅಡಿ. ನೀವು ಕೂತ ದೋಣಿ ಬೀಳುವುದು 85 ಅಡಿ, ಅಂದರೆ ಜೋಗದ ಹತ್ತನೇ ಒಂದು ಪಾಲು. ಎತ್ತರವೇ ಮುಖ್ಯವಾಗಿದ್ದರೆ ನಿಮಗೆ ಅದು ಲೆಕ್ಕಕ್ಕೇ ಬರಬಾರದಿತ್ತು. ಆದರೆ ಜೋಗವನ್ನು ನಾವು ದೂರದಲ್ಲಿ ನಿಂತು ನೋಡುತ್ತೇವೆ. ಇಲ್ಲಿ ನೀವೇ ನೀರಿನ ಜೊತೆ ಬಿದ್ದಿರಿ. ಅದಕ್ಕಿಂತ ಮುಖ್ಯ, ಬೀಳುವುದಕ್ಕೆ ನಿಮಗೆ ಒಂದು ಕಾರಣ ಇತ್ತು.

ಸ್ವಲ್ಪ ನೆನಪು ಮಾಡಿಕೊಳ್ಳಿ. ಶುರುವಿನಲ್ಲಿ ಯಾವ ಅವಸರವೂ ಇರಲಿಲ್ಲ ಅಲ್ವಾ? ದೊಡ್ಡ ಬಾಗಿಲು ತೆರೆಯಿತು, ಸಂಗೀತ ಬಂತು, ಎರಡೂ ದಡದಲ್ಲಿ ಸೊಪ್ಪು ತಿನ್ನುವ ಸಾಧು ಪ್ರಾಣಿಗಳು, ತಾಯಿ ಮರಿ ಎಲ್ಲ. ಆಮೇಲೆ ಒಂದು ಪ್ರಾಣಿ ಅಡ್ಡ ಬಂದು ದೋಣಿ ದಾರಿ ತಪ್ಪಿತು. ಹೋಗಬಾರದ ಕಡೆ ಹೋಯಿತು. ಅಲ್ಲಿಂದ ಮುಂದೆ ಪ್ರತಿಯೊಂದೂ ಎಚ್ಚರಿಕೆಯೇ: ಹಾಳಾದ ಇನ್ನೊಂದು ದೋಣಿ, ಕೆಂಪು ದೀಪ, ಸೈರನ್, ಕತ್ತಲೆ ಕಟ್ಟಡದೊಳಗೆ ಕಟಕಟ ಸದ್ದು ಮಾಡುತ್ತಾ ಮೇಲೆ ಹತ್ತುವುದು. ತುದಿಯಲ್ಲಿ ಟಿ-ರೆಕ್ಸ್ ಎಂಬ ದೈತ್ಯ ಡೈನೋಸಾರ್ ಬಾಯಿ ತೆರೆದು ನಿಂತಿರುತ್ತದೆ. ಆಗ ನಿಮ್ಮ ಮನಸ್ಸು ಏನು ಹೇಳುತ್ತದೆ? ಬಿದ್ದರೂ ಪರವಾಗಿಲ್ಲ, ಇಲ್ಲಿಂದ ತಪ್ಪಿಸಿಕೊಂಡರೆ ಸಾಕು. ನೋಡಿ, ಹೆದರಬೇಕಾದ ಬೀಳುವಿಕೆಯನ್ನೇ ಅವರು ಬಿಡುಗಡೆಯನ್ನಾಗಿ ಮಾಡಿಬಿಟ್ಟರು. ಹಾಲಿವುಡ್‌ನಲ್ಲಿ ಇದರ ಮೊದಲ ರೂಪ ತೆರೆದದ್ದು 1996ರಲ್ಲಿ, ನೀವು ಕೂತದ್ದು 1999ರದ್ದು. ಇಷ್ಟು ವರ್ಷವಾದರೂ ಜನ ಕ್ಯೂ ನಿಲ್ಲುವುದು ಬರೀ 85 ಅಡಿಗಾಗಿ ಅಲ್ಲ.

ನನ್ನ ಪಾಲಿಗೆ ಇದೇ ಅಳತೆಗೋಲು. ಬೀಳುವ ಮುಂಚೆ ನಿಧಾನ ಇರಬೇಕು. ಬೀಳುವುದಕ್ಕೆ ಕತೆಯೊಳಗೇ ಕಾರಣ ಇರಬೇಕು. ಬಿದ್ದ ಮೇಲೆ ಯಾರೋ ನಮ್ಮನ್ನು ಬರಮಾಡಿಕೊಳ್ಳಬೇಕು. ಈ ಮೂರೂ ಸೇರಿದ ರೈಡನ್ನು ಒಮ್ಮೆ ಕೂತವರು ಜನ್ಮದಲ್ಲಿ ಮರೆಯುವುದಿಲ್ಲ. ಇದರಲ್ಲಿ ಒಂದು ಕಡಿಮೆಯಾದರೂ ಮೈ ನೆನೆಯುತ್ತದೆ, ಮನಸ್ಸು ನೆನೆಯುವುದಿಲ್ಲ.

ಪ್ರಶ್ನೆ: ಯಾವ ರೈಡ್ ಅತಿ ಎತ್ತರ, ಯಾವುದು ಅತಿ ಕಡಿದು ಅನ್ನುವುದೇ ನಮ್ಮ ಹಾಸ್ಟೆಲಿನಲ್ಲಿ ದೊಡ್ಡ ಚರ್ಚೆ. ಎತ್ತರ ಜಾಸ್ತಿಯಾದಷ್ಟೂ ಒಳ್ಳೆಯದು ತಾನೇ?
— ವಿದ್ಯಾರ್ಥಿ, ಧಾರವಾಡ

ಉತ್ತರ: ತಮ್ಮಾ, ಕಡಿದು ಬೇಕಿದ್ದರೆ ಜರ್ಮನಿಯ ಫ್ಯಾಂಟಸಿಯಾಲ್ಯಾಂಡಿನಲ್ಲಿ ಚಿಯಾಪಾಸ್ ಇದೆ. 2014ರದ್ದು, 53 ಡಿಗ್ರಿ ಇಳಿಜಾರು. ಚೆನ್ನಾಗಿಯೇ ಇದೆ, ಅದನ್ನು ಮೆಚ್ಚುವವರು ಬಹಳ. ಆದರೆ ಅಲ್ಲೂ ಜನ ಕೊಂಡಾಡುವುದು ಬಂಡೆ, ಗುಹೆ, ಕುಣಿಸುವ ಸಂಗೀತ ಎಲ್ಲ ಸೇರಿ ಕಟ್ಟಿದ ಲೋಕವನ್ನು. ಬರೀ ಆ 53ನ್ನು ಅಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಉದಾಹರಣೆ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಪೈರೇಟ್ಸ್ ಆಫ್ ದಿ ಕೆರಿಬಿಯನ್ ಎಂಬ ಕಡಲ್ಗಳ್ಳರ ರೈಡ್ ಇದೆ. 1967ರ ಮಾರ್ಚ್ 18ಕ್ಕೆ ತೆರೆಯಿತು. ವಾಲ್ಟ್ ಡಿಸ್ನಿ ತಮ್ಮ ಕೊನೆಯ ದಿನಗಳಲ್ಲಿ ಇದರ ಕೆಲಸದಲ್ಲಿ ಮುಳುಗಿದ್ದರು. ತೆರೆಯುವ ಮೂರು ತಿಂಗಳ ಮುಂಚೆ, 1966ರ ಡಿಸೆಂಬರಿನಲ್ಲಿ ತೀರಿಕೊಂಡರು. ಮೊದಲು ಇದು ದೋಣಿಯ ರೈಡೇ ಆಗಿರಲಿಲ್ಲ, ನಡೆದುಕೊಂಡು ನೋಡುವ ಮೇಣದ ಬೊಂಬೆಗಳ ಮನೆ ಆಗಬೇಕಿತ್ತು. 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಡಿಸ್ನಿಯವರು ಪುಟ್ಟ ಮಕ್ಕಳ ಬೊಂಬೆಗಳ ದೋಣಿ ರೈಡ್ ಮಾಡಿದ್ದರು. ದೋಣಿಯಲ್ಲಿ ಕೂರಿಸಿದರೆ ಎಷ್ಟೊಂದು ಜನರನ್ನು ನೂಕುನುಗ್ಗಲಿಲ್ಲದೆ ಸಾಗಿಸಬಹುದು ಎಂದು ಅಲ್ಲಿ ಗೊತ್ತಾಯಿತು. ಕಡಲ್ಗಳ್ಳರಿಗೂ ನೀರು ಬಂದದ್ದು ಹೀಗೆ.

ಇಲ್ಲಿ ಎರಡು ಸಣ್ಣ ಇಳಿತಗಳಿವೆ. ಥ್ರಿಲ್ಲಿಗೆಂದು ಮಾಡಿದ್ದಲ್ಲ ಅವು. ಪಾರ್ಕಿನ ಸುತ್ತ ಒಂದು ಮಣ್ಣಿನ ಏರಿ, ಅದರ ಮೇಲೆ ರೈಲು ಹಳಿ. ಬೊಂಬೆಗಳ ದೊಡ್ಡ ಕಟ್ಟಡ ಏರಿಯ ಆಚೆ. ದೋಣಿ ಆಚೆ ಹೋಗಬೇಕೆಂದರೆ ಹಳಿಯ ಕೆಳಗೆ ನುಸುಳಬೇಕು, ಅದಕ್ಕೆ ಕೆಳಗಿಳಿಸಿದರು. ಕಟ್ಟಡದ ಕಷ್ಟವೇ ಕತೆಯ ಬಾಗಿಲಾಯಿತು! ಮೇಲಿರುವಾಗ ನೀವು ಇವತ್ತಿನ ಲೋಕದಲ್ಲಿ ಇರುತ್ತೀರಿ, ಇಳಿದ ಮೇಲೆ ಕಡಲ್ಗಳ್ಳರ ಕಾಲ.

ನಾನು ಅಮ್ಮನನ್ನು ಕರೆದುಕೊಂಡು ಹೋದಾಗ ನಡು ಮಧ್ಯಾಹ್ನ, ಸುಡುವ ಬಿಸಿಲು. ಒಳಗೆ ಕಾಲಿಟ್ಟರೆ ರಾತ್ರಿ. ಮಿಂಚುಹುಳ ಹಾರಾಡುತ್ತಿವೆ, ಕಪ್ಪೆ ವಟಗುಡುತ್ತಿವೆ, ದೂರದಲ್ಲಿ ಬಾಂಜೋ ವಾದ್ಯದ ದನಿ, ಗುಡಿಸಲಿನ ಮುಂದೆ ತೂಗುಕುರ್ಚಿಯಲ್ಲಿ ಒಬ್ಬ ಮುದುಕ. ಪಕ್ಕದಲ್ಲೇ ಒಂದು ಹೋಟೆಲು, ದೀಪದ ಬೆಳಕಿನಲ್ಲಿ ಊಟ ಮಾಡುವವರು ನಮ್ಮ ದೋಣಿ ನೋಡುತ್ತಿದ್ದರು. ಅಮ್ಮ ಇದ್ದಕ್ಕಿದ್ದಂತೆ ಪಿಸುಮಾತಿಗೆ ಇಳಿದರು. ಯಾರೂ ಸದ್ದು ಮಾಡಬೇಡಿ ಅಂತ ಹೇಳಿರಲಿಲ್ಲ. ಸುಮ್ನೆ ದನಿ ತಾನಾಗಿ ತಗ್ಗಿತು. ಆ ಒಂದೆರಡು ನಿಮಿಷದಲ್ಲಿ ಅಲ್ಲಿ ಏನೂ ನಡೆಯುವುದಿಲ್ಲ ತಮ್ಮಾ, ಏನೇನೂ ಇಲ್ಲ. ಅದೇ ಅದರ ಶಕ್ತಿ.

ಇನ್ನೊಂದು ಮಾತು. ಒಳಗೆ ಕಡಲ್ಗಳ್ಳರು ಒಟ್ಟಿಗೇ ಮಾತಾಡುತ್ತಾರೆ, ಹಾಡುತ್ತಾರೆ, ಕಿರುಚುತ್ತಾರೆ. ಮಾತು ಬರೆದ ಎಕ್ಸ್ ಅಟೆನ್ಸಿಯೋ ಅವರಿಗೆ ಜನರಿಗೆ ಎಲ್ಲ ಕೇಳಿಸುವುದಿಲ್ಲವಲ್ಲ ಎಂಬ ಚಿಂತೆ ಇತ್ತು. ಔತಣಕೂಟದಲ್ಲಿ ಅತ್ತ ಒಂದು ಮಾತು ಇತ್ತ ಒಂದು ಮಾತು ಕಿವಿಗೆ ಬೀಳುವ ಹಾಗೆ ಇದು ಎಂದು ವಾಲ್ಟ್ ಸಮಾಧಾನ ಹೇಳಿದರಂತೆ. ನಮ್ಮ ಮದುವೆಮನೆ ನೆನೆಸಿಕೊಳ್ಳಿ. ಎಲ್ಲವೂ ಕೇಳಿಸಿಬಿಟ್ಟರೆ ಒಂದೇ ಸಲಕ್ಕೆ ಮುಗಿಯಿತು. ಅರ್ಧ ಕೇಳಿಸಿದ್ದರಿಂದಲೇ ಜನ ಐವತ್ತು ಸಲ ಹೋಗುತ್ತಾರೆ, ಪ್ರತಿ ಸಲ ಮೂಲೆಯಲ್ಲಿ ಹೊಸದೊಂದು ಕಾಣುತ್ತದೆ.

ಪ್ರಶ್ನೆ: ದೋಣಿಗೆ ಎಂಜಿನ್ ಕಾಣಲಿಲ್ಲ, ಚುಕ್ಕಾಣಿ ಹಿಡಿಯುವವರೂ ಇರಲಿಲ್ಲ. ಅದು ಹೋಗುವುದಾದರೂ ಹೇಗೆ? ಎಲ್ಲ ಕಡೆ ಮರದ ದಿಮ್ಮಿಯ ಆಕಾರವೇ ಯಾಕೆ?
— ನಿವೃತ್ತ ಎಂಜಿನಿಯರ್, ಮೈಸೂರು

ಉತ್ತರ: ಸರ್, ಗದ್ದೆಗೆ ನೀರು ಹಾಯಿಸುವ ಕಾಲುವೆ ಇದ್ದ ಹಾಗೆ ಅದು. ದೊಡ್ಡ ಪಂಪುಗಳು ಕೆಳಗಿನ ಕೊಳದಿಂದ ನೀರನ್ನು ಮೇಲಕ್ಕೆ ಎತ್ತುತ್ತವೆ, ನೀರು ತೊಟ್ಟಿಯಲ್ಲಿ ಹರಿದು ಕೆಳಗೆ ಬರುತ್ತದೆ, ದೋಣಿ ಅದರ ಜೊತೆ ತೇಲುತ್ತದೆ. ಹತ್ತುವಾಗ ಬೆಲ್ಟ್ ಅಥವಾ ಸರಪಳಿ ಎಳೆಯುತ್ತದೆ. ಬೀಳುವಾಗ ದೋಣಿಯ ಅಡಿಯ ಚಕ್ರಗಳು ಹಳಿ ಹಿಡಿಯುತ್ತವೆ, ಕೆಳಗಿನ ನೀರೇ ಬ್ರೇಕು. ಪಂಪು ನಿಲ್ಲಿಸಿದರೆ ನೀರೆಲ್ಲ ಮತ್ತೆ ಕೊಳಕ್ಕೆ.

ದಿಮ್ಮಿಯದ್ದು ಹಳೇ ಕತೆ. ಅಮೆರಿಕದ ಬೆಟ್ಟಗಳಲ್ಲಿ ಮರ ಕಡಿಯುವವರು ಹಲಗೆಯ ಕಾಲುವೆ ಕಟ್ಟಿ, ಅದರಲ್ಲಿ ನೀರು ಬಿಟ್ಟು, ಮರವನ್ನು ಕೆಳಗಿನ ಊರಿಗೆ ತೇಲಿಸುತ್ತಿದ್ದರು. 1963ರಲ್ಲಿ ಟೆಕ್ಸಸ್ಸಿನ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕಿಗೆ ಆ್ಯರೋ ಎಂಬ ಕಂಪನಿ ಅದೇ ಉಪಾಯದಲ್ಲಿ ಜನರನ್ನು ಕೂರಿಸುವ ರೈಡ್ ಮಾಡಿತು. ಕ್ಯಾಲಿಫೋರ್ನಿಯಾದ ನಾಟ್ಸ್ ಬೆರ್ರಿ ಫಾರ್ಮ್‌ನಲ್ಲಿ ಬಡ್ ಹರ್ಲ್‌ಬಟ್ 1969ರಲ್ಲಿ ಅದಕ್ಕೆ ಇಡೀ ಬೆಟ್ಟ ಕಟ್ಟಿದರು, ಒಳಗೆ ಮರ ಕೊಯ್ಯುವ ಕೂಲಿಗಳ ಬದುಕನ್ನೇ ಇಟ್ಟರು. ಅದು ಇವತ್ತಿಗೂ ಓಡುತ್ತಿದೆ.

ಈಗ ತಂತ್ರ ಬಹಳ ಮುಂದೆ ಹೋಗಿದೆ. ಶಾಂಘೈ ಡಿಸ್ನಿಲ್ಯಾಂಡಿನಲ್ಲಿ 2016ರಿಂದ ಇರುವ ಕಡಲ್ಗಳ್ಳರ ರೈಡಿನಲ್ಲಿ ನೀರಿನಡಿಯ ಅಯಸ್ಕಾಂತಗಳು ದೋಣಿ ನಡೆಸುತ್ತವೆ. ಅದು ಅಡ್ಡ ತಿರುಗುತ್ತದೆ, ಹಿಂದಕ್ಕೂ ಹೋಗುತ್ತದೆ. ಅದ್ಭುತವೇ. ಆದರೂ ದಿಮ್ಮಿ ದೋಣಿ ತೊಟ್ಟಿಯ ಅಂಚಿಗೆ ಟಕ್ ಎಂದು ತಾಗಿ, ಸ್ವಲ್ಪ ಓಲಾಡಿ ಮುಂದೆ ಸಾಗುತ್ತದಲ್ಲ, ಆ ಸುಖವೇ ಬೇರೆ. ನೀರು ಸ್ವಲ್ಪ ತನ್ನಿಷ್ಟದಂತೆ ಇರಬೇಕು ಅಂತ ನನ್ನಾಸೆ.

ಪ್ರಶ್ನೆ: ಅಕ್ಕ, ನಾನು ಹದಿನಾರು ವರ್ಷದಿಂದ ಸ್ಯಾನ್ ಹೊಸೆಯಲ್ಲಿದ್ದೇನೆ. ಈ ದೇಶಕ್ಕೆ ಬಂದ ಹೊಸದರಲ್ಲಿ ಗಂಡನ ಜೊತೆ ಮೊದಲ ಸಲ ಗಟ್ಟಿಯಾಗಿ ನಕ್ಕಿದ್ದು ಡಿಸ್ನಿಲ್ಯಾಂಡಿನ ಸ್ಪ್ಲಾಶ್ ಮೌಂಟನ್‌ನಲ್ಲಿ. ಅದನ್ನು ಮುಚ್ಚಿದಾಗ ಊರಿನ ಮನೆ ಮಾರಿದಷ್ಟೇ ಸಂಕಟವಾಯಿತು. ಒಂದು ರೈಡಿಗೆ ಇಷ್ಟು ಬೇಜಾರು ಪಡುವುದು ತಪ್ಪಾ? ಅದರ ಜಾಗಕ್ಕೆ ಬಂದದ್ದು ನಿಮಗೆ ಹೇಗನಿಸಿತು?
— ಓದುಗರು, ಕ್ಯಾಲಿಫೋರ್ನಿಯಾ

ಉತ್ತರ: ತಪ್ಪೇನಲ್ಲ ತಂಗಿ. ಫ್ಲಾರಿಡಾದ ಡಿಸ್ನಿ ಪಾರ್ಕಿನಲ್ಲೂ ಇದ್ದ ಇದೇ ರೈಡ್ 2023ರ ಜನವರಿಯಲ್ಲಿ ನಿಂತಾಗ ಜನ ಆ ರೈಡಿನ ನೀರನ್ನು ಸೀಸೆಯಲ್ಲಿ ತುಂಬಿಕೊಂಡರು, ಇಂಟರ್ನೆಟ್ಟಿನಲ್ಲಿ ಮಾರಾಟಕ್ಕೂ ಇಟ್ಟರು. ಸುದ್ದಿ ಓದಿದಾಗ ನನಗೆ ಕಾಶಿಯಿಂದ ತಂದು ದೇವರ ಮನೆಯಲ್ಲಿಡುವ ಗಂಗೆಯ ಗಿಂಡಿ ನೆನಪಾಯಿತು. ಅದೇ ವರ್ಷ ಮೇ ತಿಂಗಳ ಕೊನೆಗೆ ನಿಮ್ಮ ಕ್ಯಾಲಿಫೋರ್ನಿಯಾದ್ದೂ ನಿಂತಿತು.

ಓದುಗರಿಗೆ ಸ್ವಲ್ಪ ಹಿನ್ನೆಲೆ. 1983ರಲ್ಲಿ ಟೋನಿ ಬ್ಯಾಕ್ಸ್ಟರ್ ಎಂಬ ಡಿಸ್ನಿ ವಿನ್ಯಾಸಕಾರರಿಗೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ ಇದು ಹೊಳೆಯಿತಂತೆ. ಕ್ಯಾಲಿಫೋರ್ನಿಯಾದ ಪಾರ್ಕಿನ ಒಂದು ಮೂಲೆಗೆ ಜನ ಬರುತ್ತಿರಲಿಲ್ಲ. ಇನ್ನೊಂದು ಕಡೆ ಹಾಡುವ ಪ್ರಾಣಿ ಬೊಂಬೆಗಳ ಒಂದು ಹಳೇ ಪ್ರದರ್ಶನಕ್ಕೂ ಜನ ಕಡಿಮೆಯಾಗಿದ್ದರು. ಎರಡನ್ನೂ ಸೇರಿಸಿದರು. ಆ ಬೊಂಬೆಗಳಲ್ಲಿ ಬಹಳಷ್ಟನ್ನು ತಂದು ಈ ಬೆಟ್ಟದೊಳಗೆ ಕೂರಿಸಿದರು, 1989ರಲ್ಲಿ ರೈಡ್ ತೆರೆಯಿತು. ಬೀಳುವುದು 50 ಅಡಿಗಿಂತ ತುಸು ಜಾಸ್ತಿ ಅಷ್ಟೇ.

ಆದರೆ ಆ ಕತೆ! ಒಂದು ಮೊಲ ಮನೆ ಬೇಡವೆಂದು ಊರು ಬಿಟ್ಟು ಹೊರಡುತ್ತದೆ. ನರಿ, ಕರಡಿ ಬೆನ್ನು ಹತ್ತುತ್ತವೆ. ಕೊನೆಗೆ ಸಿಕ್ಕಿಬೀಳುತ್ತದೆ. ನನ್ನನ್ನು ಏನಾದರೂ ಮಾಡಿ, ಆ ಮುಳ್ಳಿನ ಪೊದೆಗೆ ಮಾತ್ರ ಎಸೆಯಬೇಡಿ ಎಂದು ಗೋಗರೆಯುತ್ತದೆ. ಸರಿ, ನರಿ ಅಲ್ಲಿಗೇ ಎಸೆಯುತ್ತದೆ. ಮೊಲ ಹುಟ್ಟಿ ಬೆಳೆದದ್ದೇ ಮುಳ್ಳಿನ ಪೊದೆಯಲ್ಲಿ! ಬಾವಿಯಲ್ಲಿ ಸಿಂಹಕ್ಕೆ ಅದರದ್ದೇ ನೆರಳು ತೋರಿಸಿದ ನಮ್ಮ ಪಂಚತಂತ್ರದ ಮೊಲಕ್ಕೆ ಇದು ಅಣ್ಣನೋ ತಮ್ಮನೋ ಆಗಬೇಕು. ಈಗ ದಿಮ್ಮಿಯಲ್ಲಿ ಕೂತವರ ಕಡೆಯಿಂದ ನೋಡಿ. ಹತ್ತುವಾಗ ಎರಡು ರಣಹದ್ದುಗಳು ನಿಮ್ಮನ್ನು ಅಣಕಿಸುತ್ತವೆ. ತುದಿಯಲ್ಲಿ ಬೆಳಕು ಕಾಣುತ್ತದೆ. ಬೀಳುವುದೆಂದರೆ ಮುಳ್ಳಿನ ಪೊದೆಗೆ, ಅಂದರೆ ಮನೆಗೆ. ಬಿದ್ದು, ನೆನೆದು, ನಗುತ್ತಾ ತಿರುಗಿದರೆ ದೊಡ್ಡ ಹಡಗಿನ ತುಂಬ ಪ್ರಾಣಿಗಳು ಹಾಡಿ ಮೊಲವನ್ನು ಬರಮಾಡಿಕೊಳ್ಳುತ್ತಿರುತ್ತವೆ. ಊರು ಬಿಟ್ಟು ಅಷ್ಟು ದೂರ ಬಂದ ನಿಮಗೆ ಅಲ್ಲಿ ಮೊದಲ ನಗು ಬಂದದ್ದರಲ್ಲಿ ಆಶ್ಚರ್ಯವಿಲ್ಲ ತಂಗಿ.

ಮುಚ್ಚಿದ್ದಕ್ಕೂ ಗಟ್ಟಿ ಕಾರಣ ಇತ್ತು, ಅದನ್ನೂ ಹೇಳಲೇಬೇಕು. ರೈಡಿನ ಪಾತ್ರಗಳು ಬಂದದ್ದು 1946ರ ಸಾಂಗ್ ಆಫ್ ದಿ ಸೌತ್ ಚಿತ್ರದಿಂದ. ಗುಲಾಮಗಿರಿಯ ನೆರಳಿನ ತೋಟಗಳ ಬದುಕನ್ನು ಸಿಹಿಯಾಗಿ, ಸುಖವಾಗಿ ತೋರಿಸುತ್ತದೆ ಎಂದು ಆ ಚಿತ್ರದ ಮೇಲೆ ಮೊದಲಿನಿಂದಲೂ ಆಕ್ಷೇಪ ಇತ್ತು. ಡಿಸ್ನಿಯವರೇ ಅಮೆರಿಕದಲ್ಲಿ ಅದರ ವಿಡಿಯೋ ಬಿಡುಗಡೆ ಮಾಡಿರಲಿಲ್ಲ. ಮೊಲದ ಕತೆಗಳು ಮೂಲದಲ್ಲಿ ಅಲ್ಲಿನ ಕಪ್ಪು ಜನರು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದವು. ಕತೆ ಅವರದ್ದು, ನೋವೂ ಅವರದ್ದು. ನಮ್ಮ ನೆನಪು ಎಷ್ಟೇ ಸಿಹಿಯಾಗಿದ್ದರೂ ಅವರ ನೋವು ಚಿಕ್ಕದಾಗುವುದಿಲ್ಲ. ಬದಲಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ನಿಮ್ಮ ಬೇಜಾರೂ ಸರಿಯೇ. ಎರಡೂ ಒಟ್ಟಿಗೆ ಇರಬಹುದು.

ಹೊಸದು ಟಿಯಾನಾಸ್ ಬಾಯೂ ಅಡ್ವೆಂಚರ್. ಫ್ಲಾರಿಡಾದಲ್ಲಿ 2024ರ ಜೂನ್, ಕ್ಯಾಲಿಫೋರ್ನಿಯಾದಲ್ಲಿ ಅದೇ ವರ್ಷ ನವೆಂಬರ್. ಡಿಸ್ನಿ ಚಿತ್ರವೊಂದರ ನಾಯಕಿ, ನ್ಯೂ ಆರ್ಲಿಯನ್ಸ್‌ನ ಟಿಯಾನಾ ಹಬ್ಬದ ಔತಣ ಇಟ್ಟುಕೊಂಡಿದ್ದಾಳೆ, ಹಾಡಿ ವಾದ್ಯ ನುಡಿಸುವವರನ್ನು ಹುಡುಕುತ್ತಾ ಕಾಡಿಗೆ ಬಂದಿದ್ದಾಳೆ, ನಾವು ಜೊತೆಗಾರರು. ಬೊಂಬೆಗಳು ಜೀವ ಬಂದ ಹಾಗಿವೆ, ಟಿಯಾನಾಳ ಮುಖ ನೋಡುತ್ತಲೇ ಇರಬೇಕು ಅನಿಸುತ್ತದೆ. ಕೊನೆಯ ಹಾಡು, ದೀಪ, ಕುಣಿತ ಎಲ್ಲ ಹಳೆಯದಕ್ಕೆ ಸಾಟಿ. ಆದರೆ ಇಲ್ಲಿ ಕೇಡಿಗರಿಲ್ಲ, ಅಪಾಯವೂ ಇಲ್ಲ. ಮಾಮಾ ಓಡಿ ಎಂಬ ಮಂತ್ರದ ಅಜ್ಜಿ ನಮ್ಮನ್ನು ಕಪ್ಪೆಯಷ್ಟು ಚಿಕ್ಕದು ಮಾಡಿ, ಮತ್ತೆ ದೊಡ್ಡದು ಮಾಡಿ, ಔತಣಕ್ಕೆ ಕಳಿಸುತ್ತಾಳೆ. ಅದಕ್ಕೇ ಬೀಳುತ್ತೇವೆ. ಹಳಬರು ಕೊರತೆ ಹೇಳುವುದು ಇಲ್ಲೇ, ನಾನೂ ಅವರ ಕಡೆ. ನಿಧಾನ ಇದೆ, ಸ್ವಾಗತ ಇದೆ, ನಡುವಿನ ಕಾರಣ ತೆಳ್ಳಗಾಗಿದೆ. ನಿಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ, ಅವರಿಗೆ ಅದೇ ಮೊದಲ ನಗು ಆದೀತು. ಹಳೆಯದೇ ಬೇಕೆನಿಸಿದರೆ ಟೋಕಿಯೋ ಡಿಸ್ನಿಲ್ಯಾಂಡಿನಲ್ಲಿ ಆ ಮೊಲ ಇನ್ನೂ ಮನೆಗೆ ಹೋಗುತ್ತಲೇ ಇದೆ.

ಸಂಕಟಪಡುವವರು ನೀವೊಬ್ಬರೇ ಅಲ್ಲ ಅನ್ನುವುದಕ್ಕೆ ಇನ್ನೊಂದು ಕತೆ. ಜರ್ಮನಿಯ ಯೂರೋಪಾ ಪಾರ್ಕಿನಲ್ಲಿ 1987ರಿಂದ ಇದ್ದ ಕಡಲ್ಗಳ್ಳರ ದೋಣಿ ರೈಡು 2018ರ ಮೇ ತಿಂಗಳ ಬೆಂಕಿಯಲ್ಲಿ ಸುಟ್ಟುಹೋಯಿತು. ಜನ ಮರುಗಿದ್ದು ಎಷ್ಟೆಂದರೆ ಪಾರ್ಕಿನವರು ಅದನ್ನೇ ಮತ್ತೆ ಕಟ್ಟಿದರು, 2020ರ ಜುಲೈನಲ್ಲಿ ತೆರೆದರು.

ಪ್ರಶ್ನೆ: ಮಕ್ಕಳ ಜೊತೆ ಹೊರಟಿದ್ದೇವೆ. ಎಷ್ಟು ನೆನೆಯುತ್ತೇವೆ? ಏನೇನು ತಗೊಂಡು ಹೋಗಬೇಕು?
— ಗೃಹಿಣಿ, ಬೆಂಗಳೂರು

ಉತ್ತರ: ಬಿಡದಿಯ ವಂಡರ್‌ಲಾದಲ್ಲಿ ಅಲೆಗಳ ಕೊಳಕ್ಕೆ ಇಳಿಯುವಾಗ ನೆನೆಯಲಿಕ್ಕೆಂದೇ ಬಟ್ಟೆ ಬದಲಿಸಿ ಹೋಗುತ್ತೀರಿ. ಇಲ್ಲಿ ಹಾಕಿಕೊಂಡ ಬಟ್ಟೆಯಲ್ಲೇ ನೆನೆಯುವುದು, ಆಮೇಲೆ ಅದೇ ಬಟ್ಟೆಯಲ್ಲಿ ದಿನವಿಡೀ ತಿರುಗುವುದು. ಬೇಗ ಒಣಗುವ ಬಟ್ಟೆ ಹಾಕಿ, ಜೀನ್ಸ್ ಬೇಡ. ಮಕ್ಕಳಿಗೆ ಒಂದು ಜೊತೆ ಕಾಲುಚೀಲ ಜಾಸ್ತಿ ಇರಲಿ. ಮೊಬೈಲಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ. ಬೆಳಿಗ್ಗೆ ಹೋಗಬೇಡಿ, ಬಿಸಿಲೇರಿದ ಮೇಲೆ ಹೋಗಿ.

ಪೈರೇಟ್ಸ್‌ನಲ್ಲಿ ಕೆಲವು ಹನಿ ಅಷ್ಟೇ. ಯೂನಿವರ್ಸಲ್‌ನ ಪಾಪಾಯ್ ರಾಫ್ಟಿನಲ್ಲಿ ಒಳಬಟ್ಟೆವರೆಗೂ ತೊಪ್ಪೆ. ಅಲ್ಲಿ ದಡದಲ್ಲೊಂದು ಆಟದ ಹಡಗಿದೆ. ಮಕ್ಕಳು ಅದರ ಮೇಲೆ ನಿಂತು ಕೆಳಗೆ ಹೋಗುವವರ ಮೇಲೆ ನೀರು ಹಾರಿಸಬಹುದು. ಓಕುಳಿಯಲ್ಲಿ ಮಹಡಿ ಮೇಲಿಂದ ಬಿಂದಿಗೆ ಸುರಿದ ಹಾಗೆ! ರಾಫ್ಟಿನಲ್ಲಿ ಎಲ್ಲರೂ ದುಂಡಗೆ, ಎದುರುಬದುರು ಕೂರುತ್ತೀರಿ. ಯಾರ ಮೇಲೆ ಬೀಳುತ್ತೋ ಗೊತ್ತಿಲ್ಲ, ಬಿದ್ದವರ ಮುಖ ಎಲ್ಲರಿಗೂ ಕಾಣುತ್ತದೆ. ಗುರುತಿಲ್ಲದವರ ಜೊತೆಗೂ ನಗು ಬಂದುಬಿಡುತ್ತದೆ.

ಪ್ರಶ್ನೆ: ನಮ್ಮ ಕಡೆಯ ಕತೆ ಇಟ್ಟುಕೊಂಡು ಇಂಥ ರೈಡ್ ಮಾಡಲಿಕ್ಕೆ ಆಗುವುದಿಲ್ಲವೇ? ಯಾವ ಕತೆ ಆಯ್ದುಕೊಳ್ಳುತ್ತೀರಿ?
— ಶಿಕ್ಷಕರು, ಹೊಸಪೇಟೆ

ಉತ್ತರ: ಮೇಷ್ಟ್ರೇ, ನಿಮ್ಮೂರ ಪಕ್ಕದಲ್ಲೇ ಅರ್ಧ ಸಿದ್ಧವಾಗಿದೆ. ಹಂಪಿಯ ಹರಿಗೋಲಿನಲ್ಲಿ ಕೂತವರಿಗೆ ಗೊತ್ತು. ಆ ರಾಫ್ಟುಗಳ ಆಕಾರವೂ ಹರಿಗೋಲಿನಂತೆಯೇ ದುಂಡಗೆ. ಅಂಬಿಗ ನಿಧಾನ ಹುಟ್ಟು ಹಾಕುತ್ತಾನೆ, ಬಂಡೆಗಳ ನಡುವೆ ನುಸುಳಿಸುತ್ತಾನೆ, ಒಂದೊಂದು ಬಂಡೆಗೆ ಒಂದೊಂದು ಕತೆ ಹೇಳುತ್ತಾನೆ. ನಾವು ಮೈಮರೆತಿದ್ದಾಗ ಇದ್ದಕ್ಕಿದ್ದಂತೆ ಹರಿಗೋಲನ್ನು ಗಿರಗಿರ ತಿರುಗಿಸಿಬಿಡುತ್ತಾನೆ. ನಿಧಾನ ಮೊದಲು, ತಿರುಗಿಸುವುದು ಆಮೇಲೆ. ಅವನಿಗೆ ಇದನ್ನು ಯಾರೂ ಪಾಠ ಮಾಡಿಲ್ಲ.

ನಾನಾದರೆ ಕಿಷ್ಕಿಂಧೆ ಆಯ್ದುಕೊಳ್ಳುತ್ತೇನೆ. ಅಲ್ಲಿನವರು ಕಿಷ್ಕಿಂಧೆ ಎಂದು ತೋರಿಸುವುದು ಆ ನದಿ ದಡವನ್ನೇ ತಾನೇ. ಶುರುವಿಗೆ ಸಂಜೆಯ ತುಂಗಭದ್ರೆ, ಬಂಡೆಗಳ ಮೇಲೆ ಬಿಸಿಲು, ಮರದ ಮೇಲೆ ತರಲೆ ಮಾಡುವ ಮರಿ ಕೋತಿಗಳು. ಆಮೇಲೆ ಗುಹೆ. ಒಳಗೆ ವಾಲಿಯ ಗರ್ಜನೆ ಮಾತ್ರ ಕೇಳಬೇಕು, ಅವನು ಕಾಣಬಾರದು. ಗೋಡೆಯ ಮೇಲೆ ನೆರಳು, ನೀರಿನಲ್ಲಿ ಕೆಂಪು. ಸುಗ್ರೀವ ಹೆದರಿ ಗುಹೆಯ ಬಾಯಿಗೆ ಬಂಡೆ ಉರುಳಿಸುತ್ತಾನೆ, ನಾವು ಒಳಗೇ ಉಳಿದುಬಿಡುತ್ತೇವೆ. ಬಂದ ದಾರಿ ಮುಚ್ಚಿದೆ, ಮೇಲೆ ಒಂದು ಕಿಂಡಿಯಲ್ಲಿ ಬೆಳಕು. ಬೀಳದೆ ಬೇರೆ ದಾರಿಯೇ ಇಲ್ಲ ಅಲ್ವಾ? ಕೆಳಗೆ ಇಡೀ ವಾನರ ಸೈನ್ಯ ಡೊಳ್ಳು ಬಡಿಯುತ್ತಾ ಕಾಯುತ್ತಿರಬೇಕು. ಡೊಳ್ಳಿನ ಸದ್ದು ಬೀಳುವ ಮುಂಚೆಯೇ ದೂರದಿಂದ ಸಣ್ಣಗೆ ಕೇಳಿಸುತ್ತಿರಬೇಕು. ಇದೊಂದು ಮರೆಯಬೇಡಿ, ಬಹಳ ಮುಖ್ಯ.

ಪ್ರಶ್ನೆ: ನಾನು ಏಳನೇ ಕ್ಲಾಸ್. ಬೇಸಿಗೆ ರಜೆಗೆ ಅಮೆರಿಕಕ್ಕೆ ಚಿಕ್ಕಪ್ಪನ ಮನೆಗೆ ಹೋಗುತ್ತೇನೆ. ದಿಮ್ಮಿ ದೋಣಿಯಲ್ಲಿ ಯಾವ ಸೀಟು ಒಳ್ಳೆಯದು ಆಂಟಿ? ನನಗೆ ಸ್ವಲ್ಪ ಭಯ.
— ತುಮಕೂರು

ಉತ್ತರ: ಪುಟ್ಟಿ, ಮುಂದೆ ಕೂತವರಿಗೆ ನೀರು ಜಾಸ್ತಿ, ಎಲ್ಲವೂ ಮೊದಲು ಕಾಣುತ್ತದೆ. ಹಿಂದೆ ಕೂತರೆ ಮುಂದಿನವರ ಬೆನ್ನು ಅಡ್ಡ ಇರುತ್ತದೆ, ಸ್ವಲ್ಪ ಧೈರ್ಯ. ಮೊದಲ ಸಲ ಚಿಕ್ಕಪ್ಪನ ಹಿಂದೆ ಕೂತು ಅವರ ಅಂಗಿ ಹಿಡಿದುಕೋ. ಕಣ್ಣು ಮುಚ್ಚಬೇಡ. ಇಳಿದ ತಕ್ಷಣ ಓಡಿಹೋಗಿ ಮತ್ತೆ ಕ್ಯೂ ನಿಲ್ಲು, ಈ ಸಲ ಮುಂದೆ ಕೂರು. ಬಂದ ಮೇಲೆ ನನಗೆ ಬರಿ, ಬಿದ್ದದ್ದನ್ನಲ್ಲ, ಅದಕ್ಕಿಂತ ಮುಂಚೆ ಏನೇನು ಕಂಡಿತು ಅಂತ.